ರಜೆಯ ಮರುದಿನ

ಭೋಂಗಾ ಎಂದರೇನೆಂದು ಸೋಲಾಪುರದ ಹಿರಿಯರಿಗೆ ಹೇಳಬೇಕಾಗಿಲ್ಲ. ಇಂದಿನ ವಿದ್ಯಾರ್ಥಿಗಳಿಗೆ ಮಾತ್ರ ಹೇಳಬೇಕು. ಆ ಕೂಗು ನಿಂತುಹೋಗಿ ಬಹುಕಾಲವಾಯಿತು, ಕೂಗುತ್ತಿದ್ದ ದೊಡ್ಡ ಗಿರಣಿಗಳೂ ಒಂದೊಂದಾಗಿ ಮುಚ್ಚಿದವು. 1877ರಲ್ಲಿ ಇಲ್ಲಿ ಮೊದಲನೆಯ ಬಟ್ಟೆಗಿರಣಿ ಆರಂಭವಾಯಿತು. ಅಂದಿನಿಂದ ಹಲವು ತಲೆಮಾರುಗಳ ವರೆಗೆ ಈ ಊರಿನ ಬಡವರು ಎದ್ದುದೂ ಉಂಡುದೂ ಮಲಗಿದುದೂ ಭೋಂಗಾದ ಅಪ್ಪಣೆಯಂತೆ. ಮೊದಲನೆಯ ಕೂಗಿಗೆ ನಮ್ಮ ತಂದೆಯವರು ಎದ್ದು ಕುಳಿತಿರುತ್ತಿದ್ದರು. ಎರಡನೆಯದು ಕೇಳುವ ಹೊತ್ತಿಗೆ ಓಣಿಯ ತಿರುವನ್ನು ದಾಟಿರುತ್ತಿದ್ದರು. ನಾವು ಒಡಹುಟ್ಟಿದವರು ಮೂವರು. ಬರೆಯುವ ಕೈ ಒಬ್ಬರದಾದರೂ ಇಲ್ಲಿಯ ನೆನಪು ಮೂವರದು, ತಪ್ಪೂ ಮೂವರದು.

ತಂದೆಯವರು ಇಂಡಿ ತಾಲೂಕಿನವರು. ಅಣ್ಣತಮ್ಮಂದಿರಲ್ಲಿ ಪಾಲಾದ ಮೇಲೆ ಉಳಿದ ಹೊಲ ಒಂದು ಸಂಸಾರವನ್ನು ಸಾಕುವಷ್ಟಿರಲಿಲ್ಲ. ಹಿಂಗಾರಿ ಮಳೆ ಬಂದರೆ ಬಿಳಿಜೋಳ. ಬಾರದಿದ್ದರೆ ಕಣಿಕೆಯೂ ಇಲ್ಲ. 1952ರಲ್ಲಿ ಅವರು ಒಂದು ಕಂಬಳಿ, ಒಂದು ರೊಟ್ಟಿಯ ಗಂಟು ಹೊತ್ತು ಇಂಡಿ ರೋಡ್ ಸ್ಟೇಶನ್ನಿನಲ್ಲಿ ಹೋಟಗಿಯ ಕಡೆಗೆ ಹೋಗುವ ಮೀಟರ್ ಗೇಜ್ ಗಾಡಿಯನ್ನು ಹತ್ತಿದರು. ಆಗ ವಿಜಾಪುರವೂ ಸೋಲಾಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. 1956ರ ನವೆಂಬರ 1ರಂದು ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು. ಸೋಲಾಪುರ ಮುಂಬಯಿ ರಾಜ್ಯದಲ್ಲಿಯೇ ಉಳಿದು 1960ರಲ್ಲಿ ಮಹಾರಾಷ್ಟ್ರವಾಯಿತು. ತಂದೆಯವರು ಚಾಳದ ಖೋಲಿಯಿಂದ ಅಲುಗಿರಲಿಲ್ಲ. ಗಡಿಯೇ ಬಂದು ಅವರಿಗೂ ಅವರ ತಾಯಿಗೂ ನಡುವೆ ಕುಳಿತಿತು. ಈ ವಿಷಯದಲ್ಲಿ ಅವರು ಹೆಚ್ಚು ಮಾತನಾಡಿದವರಲ್ಲ. ತಿಂಗಳ ಮನಿಆರ್ಡರು ಗಡಿಯನ್ನು ದಾಟಿ ಮೊದಲಿನಂತೆಯೇ ಹೋಗುತ್ತಿತ್ತು.

ಮೊದಲ ಐದು ವರ್ಷ ಅವರು ‘ಬದಲಿ’ಯಾಗಿದ್ದರು. ಕಾಯಂ ಕೆಲಸಗಾರನೊಬ್ಬ ಬಾರದಿದ್ದ ದಿನ ಅವನ ಸ್ಥಾನದಲ್ಲಿ ನಿಲ್ಲುವವನೇ ಬದಲಿ. ದಿನಾಲು ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ಬದಲಿಗಳ ಗುಂಪು ಕೂಡುತ್ತಿತ್ತು. ಜಾಬರನು ಬಂದು ಮುಖ ನೋಡಿ ಕೆಲವರನ್ನು ಕರೆದುಕೊಳ್ಳುತ್ತಿದ್ದನು. ಉಳಿದವರು ಬುತ್ತಿಯ ಗಂಟನ್ನು ಬಿಚ್ಚದೆಯೇ ಮನೆಗೆ ತಿರುಗಬೇಕು. ಇನ್ನೊಬ್ಬನ ಜ್ವರವೇ ತಮ್ಮ ಅನ್ನವಾಗುವ ಈ ಏರ್ಪಾಟು ತಂದೆಯವರ ಮನಸ್ಸಿಗೆ ಒಗ್ಗಿರಲಿಲ್ಲವೆಂದು ಅವ್ವ ಹೇಳುತ್ತಿದ್ದಳು. ಕೆಲಸ ಸಿಕ್ಕ ದಿನ ಅವರು ಮೊದಲು ಕೇಳುತ್ತಿದ್ದುದು, ಇಂದು ಬಾರದಿದ್ದವನಿಗೆ ಏನಾಗಿದೆ ಎಂದು.

1957ರಲ್ಲಿ ನಮ್ಮಲ್ಲಿ ಹಿರಿಯವನನ್ನು ಶಾಲೆಗೆ ಹಾಕುವ ಕಾಲ ಬಂದಿತು. ಮರಾಠಿ ಶಾಲೆ ಚಾಳದ ಎದುರಿನಲ್ಲಿಯೇ ಇದ್ದಿತು. ಕನ್ನಡ ಶಾಲೆಗೆ ಎರಡು ಪೇಟೆಗಳನ್ನು ದಾಟಿ ಹೋಗಬೇಕು. ಮುಂದೆ ನೌಕರಿಗೆ ಮರಾಠಿಯೇ ಬೇಕೆಂದು ನೆರೆಯವರು ಬುದ್ಧಿ ಹೇಳಿದರು. ಅದು ಸುಳ್ಳು ಮಾತಲ್ಲ. ತಂದೆಯವರಿಗೆ ಯಾವ ಲಿಪಿಯೂ ಬರುತ್ತಿರಲಿಲ್ಲ, ಆದರೂ ಅವರು ಎರಡು ದಿನ ಯೋಚಿಸಿ, “ಊರಿಗೆ ಪತ್ರ ಬರೆಯಾವ್ರು ಮನ್ಯಾಗ ಒಬ್ಬರರೆ ಬೇಕಲ್ಲ. ಮರಾಠಿ ಓಣ್ಯಾಗ ತಾನ ಬರ್ತದ” ಎಂದರು. ಅದರಂತೆ ಮೂವರೂ ಕನ್ನಡ ಶಾಲೆಗೆ ಹೋದೆವು. ಮರಾಠಿಯೂ ಓಣಿಯಲ್ಲಿ ತಾನಾಗಿ ಬಂದಿತು.

ಶಾಲೆಯೆಂದರೆ ಪಾಟಿ, ಪುಸ್ತಕ, ಅಂಗಿ. ಅದಕ್ಕೆ ತಿಂಗಳಿಗೊಮ್ಮೆ ತಪ್ಪದೆ ಬರುವ ಪಗಾರ ಬೇಕು. ಅದೇ ವರ್ಷ ಜಾಬರನು ಒಂದು ಕಾಯಂ ಸ್ಥಾನವಿದೆಯೆಂದು ತಿಳಿಸಿದನು. ಆದರೆ ಅದು ಮಗ್ಗಗಳ ಖಾತೆಯಲ್ಲಲ್ಲ, ಬ್ಲೋರೂಮಿನಲ್ಲಿ. ಹತ್ತಿಯ ಅಂಡಿಗೆಗಳನ್ನು ಒಡೆದು, ಯಂತ್ರದಲ್ಲಿ ಬಡಿಸಿ, ಎಲೆಯ ಚೂರು, ಬೀಜದ ಸಿಪ್ಪೆ, ಮಣ್ಣುಗಳನ್ನು ಬೇರ್ಪಡಿಸುವ ಸ್ಥಳ ಅದು. ಬೇರ್ಪಟ್ಟ ಕಸದಲ್ಲಿ ಭಾರವಾದುದು ಕೆಳಗೆ ಬೀಳುತ್ತದೆ. ಹಗುರಾದುದು ಗಾಳಿಯಲ್ಲಿ ನಿಲ್ಲುತ್ತದೆ. ನಿಂತುದನ್ನು ಅಲ್ಲಿದ್ದವರು ಉಸಿರಾಡಬೇಕು. ಒಲ್ಲೆನೆಂದವರು ಬಹಳ ಜನ. ತಂದೆಯವರು ಒಪ್ಪಿಕೊಂಡರು.

ಸಂಜೆ ಅವರು ಬಾಗಿಲಲ್ಲಿ ನಿಂತಾಗ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲವೂ ಬೆಳ್ಳಗಿರುತ್ತಿದ್ದವು. ನಮಗದು ತಮಾಷೆ. “ಅಪ್ಪ ಮುದುಕ ಆಗ್ಯಾನ” ಎಂದು ಕೂಗುತ್ತ ಓಡಿಹೋಗಿ ಅವರ ಹುಬ್ಬಿನ ಹತ್ತಿಯನ್ನು ಊದುತ್ತಿದ್ದೆವು.

ವಾರಕ್ಕೊಂದು ದಿನ ರಜೆ. ಆ ದಿನ ಅವರು ನಮ್ಮನ್ನು ಸಿದ್ಧೇಶ್ವರನ ಕೆರೆಯ ದಂಡೆಗೆ ಕರೆದೊಯ್ಯುತ್ತಿದ್ದರು. ಸೊನ್ನಲಿಗೆಯ ಸಿದ್ಧರಾಮನು ಹನ್ನೆರಡನೆಯ ಶತಮಾನದಲ್ಲಿ ಜನರನ್ನು ಕೂಡಿಸಿ ಕೆರೆ ತೋಡಿಸಿದ ಕತೆಯನ್ನು ನಾವು ಶಾಲೆಯಲ್ಲಿ ಕಲಿತು ಅಲ್ಲಿ ಅವರಿಗೆ ಒಪ್ಪಿಸುತ್ತಿದ್ದೆವು. ಅಷ್ಟು ಮಣ್ಣನ್ನು ಹೊತ್ತವರಿಗೆ ಏನು ಕೂಲಿ ಕೊಟ್ಟರೆಂದು ಅವರು ಕೇಳುತ್ತಿದ್ದರು. ಮಾಸ್ತರರು ಅದನ್ನು ಹೇಳಿಕೊಟ್ಟಿರಲಿಲ್ಲ. ಮನೆಗೆ ಬಂದು ದೊಡ್ಡ ತಂಬಿಗೆಯ ತುಂಬ ಮಜ್ಜಿಗೆ ಕುಡಿದು ಬೇಗನೆ ಮಲಗುತ್ತಿದ್ದರು. ಅವರಿಗೆ ಮಜ್ಜಿಗೆಯ ಮೇಲೆ ಬಹಳ ಪ್ರೀತಿ.

ಕೆಲವು ವರ್ಷಗಳ ಬಳಿಕ ಒಂದು ವಿಚಿತ್ರವನ್ನು ಅವ್ವ ಗುರುತಿಸಿದಳು. ವಾರವೆಲ್ಲ ನೆಟ್ಟಗಿದ್ದವರು ರಜೆಯ ಮರುದಿನ ಮಾತ್ರ ಪಾಳಿ ಮುಗಿಸಿ ಬರುವಾಗ ಗೋಡೆ ಹಿಡಿದು ಬರುತ್ತಿದ್ದರು. ಎದೆಗೆ ಹಗ್ಗ ಬಿಗಿದಂತೆ ಎನ್ನುತ್ತಿದ್ದರು. ಎರಡು ದಿನ ಕಳೆದರೆ ಇಳಿದುಹೋಗುತ್ತಿತ್ತು. ಗಿರಣಿಯ ಧೂಳು ಕಾರಣವಾಗಿದ್ದರೆ ದಿನವೂ ಬರಬೇಕಲ್ಲ? ನಾವಾಗ ದೊಡ್ಡ ತರಗತಿಗಳಲ್ಲಿದ್ದೆವು. ತರ್ಕ ಬಲ್ಲೆವೆಂಬ ಗರ್ವವಿತ್ತು. ರಜೆಯ ದಿನ ಮಾತ್ರ ಅವರು ಮಾಡುವುದೇನು ಎಂದು ಲೆಕ್ಕ ಹಾಕಿದೆವು. ಕೆರೆಯ ತಂಪು ಗಾಳಿ, ಒಂದು ತಂಬಿಗೆ ಮಜ್ಜಿಗೆ. ಅಪರಾಧಿಗಳು ಸಿಕ್ಕರೆಂದು ಎರಡನ್ನೂ ನಿಲ್ಲಿಸಿಬಿಟ್ಟೆವು. ಅವರು ಎದುರಾಡಲಿಲ್ಲ. “ಶಾಣ್ಯಾ ಆಗ್ಯಾವ ಹುಡುಗ್ರು, ಅವಕ್ಕ ತಿಳೀತದ” ಎಂದು ಅವ್ವನಿಗೆ ಹೇಳಿದರಂತೆ. ಮುಂದೆ ರಜೆಯ ದಿನ ಅವರು ಕಿಟಕಿ ಮುಚ್ಚಿದ ಖೋಲಿಯಲ್ಲಿ ಕುಳಿತು ನಾವು ಓದುವುದನ್ನು ನೋಡುತ್ತಿದ್ದರು. ಕೆಮ್ಮು ಕಡಿಮೆಯಾಗಲಿಲ್ಲ, ಕ್ರಮೇಣ ವಾರದ ಎಲ್ಲ ದಿನಗಳಿಗೂ ಹರಡಿತು. ಆಗ ನಾವು ಮಜ್ಜಿಗೆಯ ಜೊತೆಗೆ ಮೊಸರನ್ನೂ ನಿಲ್ಲಿಸಿದೆವು.

ನಮ್ಮ ಓದು ಮುಗಿಯಿತು. ಒಬ್ಬ ಟಪಾಲು ಕಚೇರಿಗೆ ಸೇರಿದ, ಒಬ್ಬಳು ಕನ್ನಡ ಶಾಲೆಯ ಶಿಕ್ಷಕಿಯಾದಳು, ಕಿರಿಯವನು ಬ್ಯಾಂಕಿನಲ್ಲಿ ಕಾರಕೂನನಾದ. 1978ರಲ್ಲಿ ತಂದೆಯವರನ್ನು ಒಬ್ಬ ವೈದ್ಯರಲ್ಲಿಗೆ ಕರೆದೊಯ್ದೆವು. ಅವರು ಎದೆಯನ್ನು ಪರೀಕ್ಷಿಸುವ ಮೊದಲೇ, “ಮೊದಮೊದಲು ರಜೆಯ ಮರುದಿನ ಹೆಚ್ಚಾಗುತ್ತಿತ್ತೇ?” ಎಂದು ಕೇಳಿದರು. ನಾವು ಬೆರಗಾಗಿ ಹೌದೆಂದೆವು. ಇದು ಹತ್ತಿಯ ಧೂಳಿನ ರೋಗ, ಬಿಸಿನೋಸಿಸ್. ಇದರ ಗುರುತೇ ಅದು ಎಂದರು. ದಿನಾಲು ಧೂಳು ಕುಡಿಯುತ್ತಿರುವಾಗ ದೇಹ ಅದಕ್ಕೆ ಹೊಂದಿಕೊಂಡಂತೆ ತೋರುತ್ತದೆ. ಒಂದು ದಿನ ಒಳ್ಳೆಯ ಗಾಳಿ ಸಿಕ್ಕು ಮತ್ತೆ ಧೂಳಿಗೆ ಹೋದೊಡನೆ ಎದೆ ಬಿಗಿಯುತ್ತದೆ. ಆರಂಭದಲ್ಲಿಯೇ ಆ ಖಾತೆಯನ್ನು ಬಿಟ್ಟಿದ್ದರೆ ಬಹುಮಟ್ಟಿಗೆ ಗುಣವಾಗುತ್ತಿತ್ತು. ಇಷ್ಟು ವರ್ಷಗಳಾದ ಮೇಲೆ ಹಾನಿ ಉಳಿಯುತ್ತದೆ.

ಹೊರಗೆ ಬಂದು ನಾವು ಮೂವರೂ ಬಹಳ ಹೊತ್ತು ಮಾತನಾಡಲಿಲ್ಲ. ಟಾಂಗಾದಲ್ಲಿ ಕುಳಿತ ಮೇಲೆ ತಂದೆಯವರಿಗೆ ಎಲ್ಲವನ್ನೂ ವಿವರಿಸಿದೆವು: ಕೆರೆಯ ಗಾಳಿಯಿಂದ ಅಲ್ಲ, ತಿಂದುದರಿಂದ ಕುಡಿದುದರಿಂದ ಅಲ್ಲ, ಆ ಕಾಯಂ ನೌಕರಿಯಿಂದ. ಅವರು ಉಸಿರು ಎಳೆದುಕೊಳ್ಳುತ್ತ ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ,

“ಹಂಗಾದ್ರ ಮಜ್ಜಗಿ ಕುಡಿಬಹುದೇನು?” ಎಂದರು.