ಅವ್ವನ ಎತ್ತರಕ್ಕೊಂದು ಅಡುಗೆಕಟ್ಟೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಹಳೆಯ ಮನೆಗಳಲ್ಲಿ ಅಡುಗೆಕಟ್ಟೆಯೆಂದರೆ ಕಡಪದ ಕಲ್ಲು. ಅನಂತರ ಕಟ್ಟಿದ ಮನೆಗಳಲ್ಲಿ ಗ್ರಾನೈಟ್. ಎರಡೂ ನೀರಿಗೆ, ಬಿಸಿಗೆ ಅಂಜದ ವಸ್ತುಗಳು. ಆದರೆ ಒಮ್ಮೆ ಕೂರಿಸಿದ ಎತ್ತರವನ್ನು ಅವು ಯಾರಿಗಾಗಿಯೂ ತಗ್ಗಿಸಲಾರವು. ಬಸವೇಶ್ವರನಗರದ ನಮ್ಮ ಬಾಡಿಗೆಮನೆಯ ಕಟ್ಟೆ ನೆಲದಿಂದ 33 ಅಂಗುಲ ಮೇಲಿದೆ. ಎಪ್ಪತ್ತೆಂಟು ವರ್ಷದ ನಮ್ಮ ಅವ್ವನಿಗೆ ಮಂಡಿನೋವು ಬಲಿತ ಮೇಲೆ ಅಲ್ಲಿ ಕಾಲು ಗಂಟೆ ನಿಲ್ಲುವುದೂ ಕಷ್ಟವಾಯಿತು. ನೆಲದಲ್ಲಿ ಕುಳಿತರೆ ಏಳುವುದು ಅದಕ್ಕಿಂತ ಕಷ್ಟ. “ಕೈಗೆ ಕೆಲ್ಸ ಇಲ್ದೆ ಕೂತ್ರೆ ಉಂಡಿದ್ದು ಮೈಗೆ ಹತ್ತುತ್ತೇನಪ್ಪಾ?” ಎಂದು ಅವಳು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವಂತಹ, 28 ಅಂಗುಲದ ಪುಟ್ಟ ಕಟ್ಟೆಯೊಂದು ಬೇಕಾಗಿತ್ತು. ಅರ್ಧ ದಿನದ ಕೆಲಸಕ್ಕೆ ಬಡಗಿಗಳು ಬರಲೊಪ್ಪಲಿಲ್ಲ. ಅವರ ಹೊಟ್ಟೆಪಾಡನ್ನು ನೋಡಿದರೆ ಅದು ನ್ಯಾಯವೇ. ಬಾಡಿಗೆಮನೆಯ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಮನೆಯಲ್ಲಿದ್ದ ಹಳೆಯ ಹೊಲಿಗೆಯಂತ್ರದ ಕಬ್ಬಿಣದ ಕಾಲುಗಳ ಮೇಲೆ ಲ್ಯಾಮಿನೇಟ್ ಹೊದಿಸಿದ ಹಲಗೆಯನ್ನು ನಾವೇ ಕತ್ತರಿಸಿ ಕೂರಿಸುವುದೆಂದು ನಿಶ್ಚಯಿಸಿದೆವು.

ಲ್ಯಾಮಿನೇಟ್ ಎಂದರೆ ನಮ್ಮವರು ಬಾಯಿತುಂಬ ‘ಸನ್‌ಮೈಕ’ ಎನ್ನುವ ಹಾಳೆಯೇ. ಮೈಕ ಎಂದರೆ ಕಾಗೆಬಂಗಾರ. ವಿಚಿತ್ರವೆಂದರೆ ಇದರಲ್ಲಿ ಕಾಗೆಬಂಗಾರದ ಚೂರೂ ಇಲ್ಲ. 1912ರ ಸುಮಾರಿಗೆ ಅಮೆರಿಕದ ಓ’ಕಾನರ್ ಮತ್ತು ಫೇಬರ್ ಎಂಬ ಇಬ್ಬರು ವಿದ್ಯುತ್ ಉಪಕರಣಗಳಲ್ಲಿ ಮೈಕದ ಬದಲಿಗೆ ಬಳಸಲೆಂದು ಇಂತಹ ವಸ್ತುವನ್ನು ರೂಪಿಸಿದರು; ‘ಫಾರ್ಮೈಕ’ ಎಂಬ ಹೆಸರು ಬಂದದ್ದೇ ಹಾಗೆ. ಇಂದಿನ ಹಾಳೆ ರಾಳದಲ್ಲಿ ಅದ್ದಿದ ಕಂದು ಕಾಗದದ ಪದರಗಳು, ಮೇಲೊಂದು ಬಣ್ಣದ ಕಾಗದ. ಎಲ್ಲವನ್ನೂ ಕಾಯಿಸಿ ಒತ್ತಿದ್ದು. ಕಾಗದವೆಂಬುದನ್ನು ನೆನಪಿಟ್ಟುಕೊಂಡರೆ ಅದರ ಗುಣದೋಷಗಳೆರಡೂ ತಾವಾಗಿಯೇ ತಿಳಿಯುತ್ತವೆ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಿಂದ 18 ಮಿ.ಮೀ. ದಪ್ಪದ, ಐಎಸ್ 710 ಗುರುತಿನ, ಎಂದರೆ ನೀರಿಗೆ ತಾಳುವ ಪ್ಲೈವುಡ್ ತುಂಡನ್ನೂ, 8 ಅಡಿ ಉದ್ದ 4 ಅಡಿ ಅಗಲದ, 1 ಮಿ.ಮೀ. ದಪ್ಪದ ಹಾಳೆಯನ್ನೂ ತಂದೆವು. ಹಾಳೆಯನ್ನು ಸುರುಳಿ ಸುತ್ತಿ ಹಗ್ಗ ಕಟ್ಟಿದರೆ ಆಟೋದಲ್ಲಿ ಬರುತ್ತದೆ.

ಕತ್ತರಿಸುವುದರಲ್ಲಿ ಬಲಕ್ಕಿಂತ ತಾಳ್ಮೆ ಹೆಚ್ಚು ಬೇಕು. ಹಲಗೆಯನ್ನು 36 ಅಂಗುಲಕ್ಕೆ 20 ಅಂಗುಲ ಕೊಯ್ದೆವು. ಹಾಳೆಯನ್ನು ಸುತ್ತಲೂ ಕಾಲಂಗುಲ ಹೆಚ್ಚಿಟ್ಟು ಗುರುತು ಮಾಡಿ, ಬಣ್ಣದ ಮುಖದ ಮೇಲೆ ಉಕ್ಕಿನ ಪಟ್ಟಿಯನ್ನು ಒತ್ತಿ ಹಿಡಿದು, ಸನ್‌ಮೈಕ ಕೊಯ್ಯುವ ಚೂರಿಯಿಂದ ಅದೇ ಗೆರೆಯಲ್ಲಿ ಐದಾರು ಬಾರಿ ಗೀರಬೇಕು. ಗೀರು ಆಳವಾದ ಮೇಲೆ ಪಟ್ಟಿಯನ್ನು ಅಲುಗಿಸದೆ ಅಂಚನ್ನು ಮೇಲಕ್ಕೆ ಎತ್ತಿದರೆ ಹಾಳೆ ಗೆರೆಯಲ್ಲೇ ಮುರಿಯುತ್ತದೆ. ಗರಗಸದಿಂದಲೇ ಕೊಯ್ಯುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು: ಕೈಗರಗಸದ ಹಲ್ಲು ಕೆಳಕ್ಕೆ ತಳ್ಳಿದಾಗ ಕೊಯ್ಯುವುದರಿಂದ ಬಣ್ಣದ ಮುಖ ಮೇಲಿರಬೇಕು; ವಿದ್ಯುತ್ ಜಿಗ್‌ಸಾದ ಹಲ್ಲು ಸಾಮಾನ್ಯವಾಗಿ ಮೇಲಕ್ಕೆ ಕೊಯ್ಯುವುದರಿಂದ ಅದು ಕೆಳಗಿರಬೇಕು. ಇಲ್ಲವಾದರೆ ಅಂಚು ಹಲ್ಲುಹಲ್ಲಾಗಿ ಸಿಡಿಯುತ್ತದೆ. ಮೂಗಿಗೆ ಮುಸುಕು ಅಗತ್ಯ.

ಹಲಗೆಯ ಎರಡೂ ಮೈಗೆ ಹಾಳೆ ಅಂಟಿಸಬೇಕು. ಒಂದೇ ಕಡೆ ಅಂಟಿಸಿದರೆ ಹಲಗೆ ಕ್ರಮೇಣ ಬಾಗುವುದುಂಟು. ನೀರು ತಡೆಯುವ ಅಂಟನ್ನು ತೆಳ್ಳಗೆ ಸವರಿ, ಮೇಲೆ 25 ಕಿಲೋದ ಎರಡು ಅಕ್ಕಿಚೀಲಗಳನ್ನು ರಾತ್ರಿಯೆಲ್ಲ ಹೇರಿದೆವು. ಬೆಳಿಗ್ಗೆ ಹೆಚ್ಚಿದ್ದ ಅಂಚನ್ನು ಅರದಿಂದ ಕೆಳಮುಖವಾಗಿಯೇ ಉಜ್ಜಿ, ನಾಲ್ಕೂ ಬದಿಗೆ ಪಟ್ಟಿ ಅಂಟಿಸಿದೆವು. ನೀರು ನುಸುಳುವುದು ಅಲ್ಲಿಂದಲೇ. ಆದ್ದರಿಂದ ತೊಟ್ಟಿಯ ಬಳಿ ಈ ಹಲಗೆ ನಮ್ಮ ಮಟ್ಟಿಗೆ ಬೇಡ. ಅಲ್ಲಿ ಕಲ್ಲೇ ಸರಿ. ಒಲೆಯಿಂದಿಳಿಸಿದ ಪಾತ್ರೆಗೆ ಅಡಿಯಲ್ಲಿ ಸಿಂಬಿ ಬೇಕು. ತರಕಾರಿ ಹೆಚ್ಚಲು ಮಣೆ ಬೇಕು.

ಅವ್ವ ಮೊದಲ ದಿನ ಅಂಗೈಯಿಂದ ಅದನ್ನು ಸವರಿ, ಕಲ್ಲಿನಷ್ಟು ತಣ್ಣಗಿಲ್ಲವೆಂದಳು. ಅವರೆಯ ಕಾಲದಲ್ಲಿ ಕುರ್ಚಿ ಎಳೆದುಕೊಂಡು ಕುಳಿತು ಹಿತಕಿದ ಬೇಳೆಯ ಕೆಲಸವನ್ನೆಲ್ಲ ಅವಳೊಬ್ಬಳೇ ವಹಿಸಿಕೊಂಡಳು. ಸಾರಿಗೆ ಹುಣಿಸೆ ಎಷ್ಟಿರಬೇಕೆಂಬ ವಿಚಾರದಲ್ಲಿ ಅತ್ತೆಸೊಸೆಯರ ಹಳೆಯ ವಾದವೂ ಈಗ ಅಡುಗೆಮನೆಯಲ್ಲಿ ಮತ್ತೆ ಮೊದಲಾಗಿದೆ.