ಬಿಡಲೊಲ್ಲದ ಕುರ್ಚಿ

‘ಕೆಲಸ ಹೇಗಿದೆ?’ ಎಂದು ನೆಂಟರು ಕೇಳಿದಾಗಲೆಲ್ಲ ನಾನು ‘ಪರವಾಗಿಲ್ಲ’ ಎನ್ನುತ್ತೇನೆ. ಕನ್ನಡದಲ್ಲಿ ಇಷ್ಟು ಉಪಕಾರಿಯಾದ ಮಾತು ಮತ್ತೊಂದಿರಲಾರದು. ಅದರಲ್ಲಿ ಸಂತೋಷವೂ ಇಲ್ಲ, ದೂರೂ ಇಲ್ಲ. ಕೇಳಿದವರು ತೃಪ್ತರಾಗಿ ಕಾಫಿ ಕುಡಿಯುತ್ತಾರೆ. 1998ರಿಂದ ಈ ಒಂದು ಮಾತಿನ ಮೇಲೆಯೇ ನನ್ನ ನೌಕರಿ ನಡೆದಿದೆ ಎಂದರೂ ಸರಿಯೇ.

ನನ್ನದು ಸರ್ಕಾರಿ ಕಚೇರಿಯೊಂದರ ಪಿಂಚಣಿ ಶಾಖೆ. ನಿವೃತ್ತರಾಗುವವರ ಸೇವಾ ಪುಸ್ತಕ ತಿರುವಿ, ಸೇರಿದ ದಿನ, ಬಡ್ತಿ, ರಜೆ ಎಲ್ಲವನ್ನೂ ತಾಳೆ ನೋಡಿ, ಮಹಾಲೇಖಪಾಲರಿಗೆ ಹೋಗುವ ಕಾಗದಪತ್ರ ಸಿದ್ಧಪಡಿಸುವುದು. ಒಬ್ಬ ಮನುಷ್ಯನ ಮೂವತ್ತು ವರ್ಷ ಒಂದು ಪುಸ್ತಕದೊಳಗೆ ಮುಗಿದುಹೋಗುವುದನ್ನು ದಿನವೂ ನೋಡುವವನಿಗೆ ತನ್ನ ಪುಸ್ತಕದ ಯೋಚನೆ ಬಾರದೇ ಇರುತ್ತದೆಯೇ?

ನಾನು ಓದಿದ್ದು ಇತಿಹಾಸ. ಶಾಸನಗಳ ಮೇಲೆ ಸಂಶೋಧನೆ ಮಾಡುವ ಆಸೆಯಿತ್ತು. ಅಷ್ಟರಲ್ಲಿ ನೇಮಕದ ಆದೇಶ ಬಂತು. ಅಪ್ಪನ ನಿವೃತ್ತಿ ಹತ್ತಿರವಿತ್ತು, ತಂಗಿಯ ಮದುವೆ ಎದುರಿಗಿತ್ತು. ‘ಮೊದಲು ಸೇರಿಕೋ, ಆಮೇಲೆ ನೋಡೋಣ’ ಎಂದರು ಮನೆಯವರು. ಆ ‘ಆಮೇಲೆ’ ಎಷ್ಟು ಉದ್ದವಿರುತ್ತದೆಂದು ಯಾರೂ ಹೇಳಲಿಲ್ಲ.

ಹಾಗೆಂದು ಕಚೇರಿಯಲ್ಲಿ ನನಗೆ ಕಷ್ಟವಿದೆಯೇ ಎಂದರೆ, ಇಲ್ಲ. ಯಾರೂ ಗದರುವುದಿಲ್ಲ, ಸಂಬಳ ತಪ್ಪುವುದಿಲ್ಲ. ತೊಡಕಿರುವುದೇ ಅಲ್ಲಿ. ಕಷ್ಟವಿದ್ದ ಕೆಲಸವನ್ನು ಬಿಡುವುದು ಸುಲಭ. ಬೇಸರದ ಕೆಲಸವನ್ನು ಬಿಡುವುದು ಕಷ್ಟ. ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿದೆ. ದೇವರ ಕೆಲಸಕ್ಕೆ ಇಷ್ಟೊಂದು ನಕಲು ಪ್ರತಿಗಳು ಬೇಕೇ ಎಂಬ ಅನುಮಾನ ನನಗೆ ಎಷ್ಟೋ ಸಲ ಬಂದಿದೆ.

ಆದರೆ ಖರ್ಚಿನ ಜೊತೆ ಜಮೆಯನ್ನೂ ಬರೆಯಬೇಕಲ್ಲ. ತಂಗಿಯ ಮದುವೆಯಾದದ್ದು, ಅಮ್ಮನ ಕಣ್ಣಿನ ಪೊರೆ ತೆಗೆಸಿದ್ದು, ಮಗಳ ಕಾಲೇಜಿನ ಶುಲ್ಕ ಕಟ್ಟುತ್ತಿರುವುದು, ಎಲ್ಲವೂ ಈ ಬೇಸರದಿಂದಲೇ. ಒಮ್ಮೆ ಹಳ್ಳಿಯಿಂದ ಬಂದ ಹೆಂಗಸೊಬ್ಬರು ಪಾಸ್‌ಬುಕ್ ತೆರೆದು ನನ್ನ ಮೇಜಿನ ಮೇಲಿಟ್ಟರು. ಜವಾನರಾಗಿದ್ದ ಗಂಡ ತೀರಿಕೊಂಡು ಒಂದೂವರೆ ವರ್ಷದ ಮೇಲೆ ಕುಟುಂಬ ಪಿಂಚಣಿ ಜಮೆಯಾಗಿತ್ತು. ‘ಓದಿ ಹೇಳಿ ಸ್ವಾಮಿ, ನನ್ನದೇನಾ?’ ಎಂದರು. ಅವರದ್ದೇ. ಅಂಥ ದಿನ ವರ್ಷಕ್ಕೆ ಒಂದೋ ಎರಡೋ ಬರುತ್ತದೆ. ಉಳಿದ ದಿನಗಳಿಗೆ ಅದು ಸಾಲುತ್ತದೆಯೇ ಎಂಬುದೇ ಪ್ರಶ್ನೆ.

ಬೊಂಬಾಯಿ ಪ್ರಾಂತದಲ್ಲಿ ಕಂದಾಯ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಸಾಹೇಬರು ಆ ಕೆಲಸದ ನಡುವೆಯೇ ಉತ್ತರ ಕರ್ನಾಟಕದ ಶಾಸನಗಳನ್ನು ಓದಿ ಪ್ರಕಟಿಸಿದರು, ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಸಂಗ್ರಹಿಸಿದರು. ಮಾಸ್ತಿಯವರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದುಕೊಂಡೇ ಕಥೆ ಬರೆದರು. ಕಿರಿಯರೊಬ್ಬರನ್ನು ತಮ್ಮ ಮೇಲಕ್ಕೆ ತಂದಾಗ ಬಿಟ್ಟು ಹೊರಬಂದರು. ಇರುವವರಿಗೆ ಫ್ಲೀಟ್, ಬಿಡುವವರಿಗೆ ಮಾಸ್ತಿ ಎಂದು ಸಮಾಧಾನ ಹೇಳಿಕೊಳ್ಳಬಹುದು. ಫ್ಲೀಟ್ ಸಾಹೇಬರಿಗೆ ಸಂಜೆ ಸಿಟಿ ಬಸ್ಸಿನಲ್ಲಿ ನಿಂತು ಮನೆ ಸೇರುವ ಪ್ರಮೇಯವಿರಲಿಲ್ಲ, ಅಷ್ಟೆ. ಕಚೇರಿ ನಮ್ಮಿಂದ ಕಸಿಯುವುದು ಬರೀ ಏಳೆಂಟು ತಾಸನ್ನಲ್ಲ, ಆ ನಂತರದ ಸಂಜೆಯ ಹುರುಪನ್ನು. ಆದರೂ ಭಾನುವಾರ ಬಿಡುವಾದರೆ ಬೇಗೂರಿನ ಕಡೆಗೋ ಮತ್ತೆಲ್ಲಿಗೋ ಹೋಗಿ ಕಲ್ಲುಗಳ ಮುಂದೆ ಕೂರುತ್ತೇನೆ. ಬೆಂಗಳೂರಿನ ಹೆಸರಿರುವ ಸುಮಾರು ಕ್ರಿ.ಶ. 890ರ ಶಾಸನ ಬೇಗೂರಿನದು. ಅದನ್ನು ಬರೆಸಿದವರ ಸೇವಾ ಪುಸ್ತಕ ಉಳಿದಿಲ್ಲ, ಕಲ್ಲು ಉಳಿದಿದೆ.

ಈಗ ಮಗಳು ಕೊನೆಯ ವರ್ಷದ ಬಿ.ಎಸ್ಸಿ. ‘ಅಪ್ಪಾ, ಎಫ್‌ಡಿಎ ಪರೀಕ್ಷೆಗೆ ಅರ್ಜಿ ಹಾಕಲಾ? ನೀನೇ ಬೇಜಾರು ಅಂತೀಯಲ್ಲ’ ಎಂದಳು. ಹಾಕಬೇಡ ಎನ್ನಲು ಅವಳು ತಿನ್ನುವ ಅನ್ನ ಅಡ್ಡ ಬಂತು; ಹಾಕು ಎನ್ನಲು ಆ ಕಲ್ಲುಗಳು ಅಡ್ಡ ಬಂದವು. ಜೊತೆಗೆ, ನಾನು ಕೂತಿರುವುದಕ್ಕೆ ದೊಡ್ಡ ಕಾರಣ ಕೊನೆಯ ಸಂಬಳದ ಮೇಲೆ ಲೆಕ್ಕ ಹಾಕುವ ಹಳೆಯ ಪಿಂಚಣಿ. 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಬಂದ ಹೊಸ ಯೋಜನೆಯಲ್ಲಿ ಅವರ ಸಂಬಳದಿಂದಲೂ ಪಾಲು ಹೋಗುತ್ತದೆ, ಕೊನೆಗೆ ಕೈಗೆ ಬರುವುದು ಮಾರುಕಟ್ಟೆಯ ಏರಿಳಿತಕ್ಕೆ ಸೇರಿದ್ದು. ನನ್ನ ಲೆಕ್ಕ ಅವಳಿಗೆ ಹೊಂದುವುದಿಲ್ಲ. ‘ಪರ್ಮನೆಂಟಾ?’ ಎಂಬುದೊಂದನ್ನೇ ಕೇಳುವ ನಾವು ತಂದೆತಾಯಂದಿರು ಇದನ್ನೂ ಯೋಚಿಸಬೇಕು.

ಅವಳಿಗೆ ಹೇಳಿದ್ದು ಇಷ್ಟೇ: ‘ಅರ್ಜಿ ಹಾಕು, ಪರೀಕ್ಷೆ ಬರೆ. ಕೆಲಸ ಸಿಕ್ಕರೆ ಸೇರುವ ಮೊದಲು, ಸಂಜೆ ಆರು ಗಂಟೆಯ ಮೇಲೆ ನಿನ್ನಲ್ಲಿ ಏನು ಉಳಿಯಬೇಕು ಅಂತ ಒಂದು ಹಾಳೆಯಲ್ಲಿ ಬರೆದಿಡು. ವರ್ಷಕ್ಕೊಮ್ಮೆ ತೆಗೆದು ನೋಡು.’

ಸ್ವಯಂ ನಿವೃತ್ತಿ ಕೇಳಲು ಬೇಕಾದಷ್ಟು ಸೇವೆ ನನಗೆ ಎಂದೋ ಆಗಿದೆ. ಮಗಳ ಓದು ಮುಗಿಯಲಿ ಎನ್ನುತ್ತದೆ ಒಂದು ಮನಸ್ಸು. ಇನ್ನೊಂದು, ಆ ‘ಆಮೇಲೆ’ಯನ್ನು ನೆನಪಿಸುತ್ತದೆ. ಸದ್ಯಕ್ಕೆ ಎರಡರ ಮಾತನ್ನೂ ಕೇಳುತ್ತಿದ್ದೇನೆ.