ಆಯಿಗೆ ಎರಡು ಶನಿವಾರ

ನಮ್ಮ ಮನೆಯಿಂದ ಇಡಗುಂಜಿ ದೇವಸ್ಥಾನ ಎರಡು ಕಿಲೋಮೀಟರ್. ಗಾಳಿ ಈ ಕಡೆ ಬೀಸಿದರೆ ಗಂಟೆಯ ಸದ್ದು ಕೇಳುತ್ತದೆ. ಸಂಕಷ್ಟಿಗೆ ಎಲ್ಲೆಲ್ಲಿಂದಲೋ ಜನ ಗಾಡಿ ಮಾಡಿಕೊಂಡು ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮ ಆಯಿ ಮಾತ್ರ ನಾಲ್ಕು ವರ್ಷ ಆ ದೇವಸ್ಥಾನಕ್ಕೆ ಹೋಗಿರಲಿಲ್ಲ. ದೇವರ ಮೇಲೆ ಮುನಿಸೇನೂ ಇರಲಿಲ್ಲ. ಅಜ್ಜನನ್ನು ಬಿಟ್ಟು ಹೋಗಲು ಆಗುತ್ತಿರಲಿಲ್ಲ, ಅಷ್ಟೇ.

ಅಜ್ಜ ಮಾಜಿ ಸೈನಿಕ. 1965 ಮತ್ತು 1971, ಎರಡೂ ಯುದ್ಧದ ಹೊತ್ತಿಗೆ ಸೇನೆಯಲ್ಲಿದ್ದವರು. ಹವಾಲ್ದಾರ್ ಆಗಿ ನಿವೃತ್ತರಾಗಿ ಬಂದು ತೋಟ ಮಾಡಿದರು. ಈಗ 86 ವರ್ಷ. 2021ರ ಮಳೆಗಾಲದಲ್ಲಿ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿತು. ಮಾತು ಅರ್ಧ ಉಳಿಯಿತು. ಆ ಅರ್ಧದಲ್ಲೂ ಹಿಂದಿ ಜಾಸ್ತಿ, ಕನ್ನಡ ಕಡಿಮೆ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರಾಗಿ ಬೂಟು ಎಲ್ಲಿ ಎಂದು ಕೇಳುತ್ತಾರೆ. ಆಯಿ ಎದ್ದು, 'ಇವತ್ತು ರಜೆ ಮಾವ, ಮಲಗಿ' ಎನ್ನುತ್ತಾಳೆ. ಅಜ್ಜ ನಂಬಿ ಮಲಗುತ್ತಾರೆ. ಆಯಿಗೆ ಮಾತ್ರ ಮತ್ತೆ ನಿದ್ದೆ ಹತ್ತುವುದಿಲ್ಲ.

ಹಾಸಿಗೆ ಹಿಡಿದವರ ಆರೈಕೆ ಮಾಡಿದವರಿಗೆ ಈ ಲೆಕ್ಕ ಗೊತ್ತು. ಬೆನ್ನಿಗೆ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು. ಗಂಜಿ ಗಂಟಲಲ್ಲಿ ಸಿಕ್ಕದಂತೆ ಕೂರಿಸಿ, ಚಮಚ ಚಮಚ ಉಣಿಸಬೇಕು. ಮಲಮೂತ್ರ, ಬಟ್ಟೆ, ಬಿಸಿನೀರು, ಮಾತ್ರೆ. ಅಪ್ಪನಿಗೆ ತೋಟ, ಕೊಟ್ಟಿಗೆ. ಎತ್ತಿ ಕೂರಿಸಲು ಕರೆದರೆ ಬರುತ್ತಿದ್ದರು. ಉಳಿದದ್ದೂ ತನ್ನ ಕೆಲಸ ಎಂದು ಅವರಿಗೆ ಅನಿಸಿರಲಿಲ್ಲ. ನಿಜ ಹೇಳಬೇಕೆಂದರೆ ಮಕ್ಕಳಾದ ನಮಗೂ ಅನಿಸಿರಲಿಲ್ಲ. ನಾವು ಮೂವರು. ಒಬ್ಬರು ಬೆಂಗಳೂರು, ಒಬ್ಬಳನ್ನು ಶಿರಸಿಗೆ ಕೊಟ್ಟಿದೆ, ಇನ್ನೊಬ್ಬರು ಇಲ್ಲೇ ಇದ್ದು ಪತ್ರಿಕೆಗೆ ಸುದ್ದಿ ಕಳಿಸುವವರು. 'ಆಯಿ ಇದ್ದಾಳಲ್ಲ' ಎಂಬುದು ಮೂವರಿಗೂ ಒಂದೇ ಧೈರ್ಯ.

ಎರಡು ವರ್ಷದ ಹಿಂದೆ ಕುಮಟಾ ಬದಿಯ ತವರಿನಲ್ಲಿ ಆಯಿಯ ತಾಯಿ ಹಾಸಿಗೆ ಹಿಡಿದರು. ಮಗಳನ್ನು ನೋಡಬೇಕು ಎಂದು ಹೇಳಿಕಳಿಸಿದರು. ಆಯಿ ಅಜ್ಜನ ಊಟ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹೋದಳು, ದೀಪ ಹಚ್ಚುವ ಹೊತ್ತಿಗೆ ವಾಪಸ್ ಬಂದಳು. 'ಒಂದು ರಾತ್ರಿ ಇದ್ದು ಹೋಗೇ' ಎಂದು ಅಮ್ಮಮ್ಮ ಕೈ ಹಿಡಿದುಕೊಂಡಿದ್ದರಂತೆ. ನಾಲ್ಕನೇ ದಿನ ಅಮ್ಮಮ್ಮ ಹೋದರು. ಅದೇ ವಾರ ನಾವು ಮಾಜಿ ಸೈನಿಕರ ಸನ್ಮಾನದ ಸುದ್ದಿ ಬರೆದಿದ್ದೆವು. ಶಾಲು, ಹಾರ, ಫಲಕ, 'ದೇಶ ಇವರಿಗೆ ಋಣಿ' ಎಂಬ ಸಾಲು. ಫೋಟೋದಲ್ಲಿ ಗಾಲಿಕುರ್ಚಿ ಹಿಡಿದು ನಿಂತ ಹೆಂಗಸೊಬ್ಬರು ಅಂಚಿನಲ್ಲಿ ಬಿದ್ದಿದ್ದರು. ಜಾಗ ಸಾಲದೆಂದು ನಾವೇ ಅವರನ್ನು ಕತ್ತರಿಸಿ ಕಳಿಸಿದ್ದೆವು.

ಆಯಿ ಇವತ್ತಿನವರೆಗೂ ಆ ಮಾತು ಎತ್ತಿಲ್ಲ. ಎತ್ತಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಆಮೇಲೆ ನಾವು ಹುಡುಕಲು ಕೂತೆವು. ಸೇನೆಯಲ್ಲಿದ್ದವರಿಗೆ ಏನೇನೋ ಸೌಲಭ್ಯ ಇದೆ ಎನ್ನುತ್ತಾರಲ್ಲ, ನೋಡಿಕೊಳ್ಳುವವರಿಗೂ ಏನಾದರೂ ಇರಬಹುದು ಎಂಬ ಆಸೆ. ಕಂಡದ್ದನ್ನು ಇಲ್ಲಿ ಬರೆಯುತ್ತೇವೆ, ನಿಮ್ಮ ಮನೆಗೂ ಬೇಕಾಗಬಹುದು.

ಪಿಂಚಣಿ ವಯಸ್ಸಿನ ಜೊತೆ ಏರುತ್ತದೆ. 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ 20 ಹೆಚ್ಚು, 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, ನೂರು ತುಂಬಿದರೆ ಅಷ್ಟಕ್ಕಷ್ಟೇ ಇನ್ನೊಂದು ಪಾಲು. ಸೈನಿಕರ ಹೆಂಡತಿಗೆ ಬರುವ ಕುಟುಂಬ ಪಿಂಚಣಿಗೂ ಇದೇ ಲೆಕ್ಕ. ದಾಖಲೆಯಲ್ಲಿ ಹುಟ್ಟಿದ ತಾರೀಕು ಸರಿ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಹಳೆಯ ಕಾಗದಗಳಲ್ಲಿ ಹೆಂಡತಿಯ ಹೆಸರು, ತಾರೀಕು ಆಧಾರ್‌ಗೆ ಹೊಂದದೇ ಇರುವುದು ನಮ್ಮ ಕಡೆ ಮಾಮೂಲು.

ಜೀವಂತ ಪ್ರಮಾಣಪತ್ರಕ್ಕೆ ಅಜ್ಜನನ್ನು ಆಟೋದಲ್ಲಿ ಹೊತ್ತುಕೊಂಡು ಹೋಗಬೇಕಿಲ್ಲ. ಅಂಚೆಯಣ್ಣ ಮನೆಗೇ ಬಂದು ಬೆರಳಚ್ಚು ಅಥವಾ ಮುಖದ ಗುರುತು ತೆಗೆದುಕೊಂಡು ಮಾಡಿಕೊಡುತ್ತಾರೆ. ಶುಲ್ಕ 70 ರೂಪಾಯಿ. ಇದು ಗೊತ್ತಿಲ್ಲದೆ ನಾವು ಎರಡು ವರ್ಷ ಹೊತ್ತೆವು.

ಪಿಂಚಣಿಯೇ ಇಲ್ಲದೆ ಸೇನೆ ಬಿಟ್ಟು ಬಂದವರೂ ಇದ್ದಾರೆ. ಹವಾಲ್ದಾರ್ ದರ್ಜೆಯವರೆಗಿನ, 65 ದಾಟಿದ ಅಂಥವರಿಗೆ ಮತ್ತು ಅವರ ವಿಧವೆಯರಿಗೆ ರಕ್ಷಣಾ ಸಚಿವರ ಮಾಜಿ ಸೈನಿಕರ ಕಲ್ಯಾಣ ನಿಧಿಯಿಂದ ತಿಂಗಳಿಗೆ 4,000 ರೂಪಾಯಿ ಸಿಗುತ್ತಿತ್ತು. 2025ರ ಅಕ್ಟೋಬರಿನಲ್ಲಿ ಅದನ್ನು 8,000ಕ್ಕೆ ಏರಿಸಿದರು. ನವೆಂಬರ್ 1ರಿಂದ ಹಾಕಿದ ಅರ್ಜಿಗಳಿಗೆ ಹೊಸ ದರ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ.

ಇನ್ನು ನೋಡಿಕೊಳ್ಳುವವರ ವಿಷಯ. 'ನಿರಂತರ ಆರೈಕೆ ಭತ್ಯೆ' ಎಂಬುದೊಂದಿದೆ. 2017ರಲ್ಲಿ ಅದನ್ನು ತಿಂಗಳಿಗೆ 6,750 ರೂಪಾಯಿ ಮಾಡಿದರು. ಓದಿ ಖುಷಿಯಾಯಿತು. ಮುಂದೆ ಓದಿದರೆ, ಸೇವೆಯ ಕಾರಣಕ್ಕೆ ನೂರಕ್ಕೆ ನೂರು ಅಂಗವೈಕಲ್ಯ ಆಗಿ, ಅದರ ಪಿಂಚಣಿ ಪಡೆಯುವವರಿಗೆ ಮಾತ್ರ. ಅಜ್ಜನ ಕಾಲು ಗಡಿಯಲ್ಲಿ ಹೋದದ್ದಲ್ಲ, ಮನೆಯ ಜಗಲಿಯಲ್ಲಿ ಹೋದದ್ದು. ಸೇವೆಯಲ್ಲಿದ್ದಾಗಿನ ಗಾಯದಿಂದ ಹಾಸಿಗೆ ಹಿಡಿದವರು ನಿಮ್ಮ ಮನೆಯಲ್ಲಿದ್ದರೆ ಖಂಡಿತ ಕೇಳಿ.

ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಅದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನಾಲ್ಕು ಕಾಯಿಲೆಗಳಿಗೆ. ಲಕ್ವ ಆ ಪಟ್ಟಿಯಲ್ಲಿಲ್ಲ. ಪಕ್ಕದ ಕೇರಳದಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ 'ಆಶ್ವಾಸಕಿರಣಂ' ಎಂದು ತಿಂಗಳಿಗೆ 600 ರೂಪಾಯಿಯ ಯೋಜನೆ ಇದೆ. ದುಡ್ಡು ಸಣ್ಣದು, ಆದರೆ ನೋಡಿಕೊಳ್ಳುವವರೂ ಒಬ್ಬರು ಇದ್ದಾರೆ ಎಂದು ಸರ್ಕಾರದ ಪುಸ್ತಕದಲ್ಲಿ ಬರೆದಂತಾಯಿತು.

ಅಮೆರಿಕದಲ್ಲಿ ಮಾಜಿ ಸೈನಿಕರ ಇಲಾಖೆಯೇ ಬೇರೆ ಒಂದು ಕ್ರಮ ಮಾಡಿದೆ. ನೋಡಿಕೊಳ್ಳುವವರಿಗೆ ವಿಶ್ರಾಂತಿ ಸಿಗಲೆಂದು ವರ್ಷಕ್ಕೆ 30 ದಿನದವರೆಗೆ ಬದಲಿ ಆರೈಕೆ ಕೊಡುತ್ತದೆ. ಒಂದೋ ಮನೆಗೇ ಯಾರಾದರೂ ಬರುತ್ತಾರೆ, ಇಲ್ಲವೇ ಮಾಜಿ ಸೈನಿಕರನ್ನು ಕೆಲವು ದಿನ ಆರೈಕೆ ಕೇಂದ್ರದಲ್ಲಿ ಇಟ್ಟುಕೊಳ್ಳುತ್ತಾರೆ. ನಾವು ಇದನ್ನು ಆಯಿಗೆ ಓದಿ ಹೇಳಿದೆವು. ಆಕೆ ಅಕ್ಕಿ ಕೇರುತ್ತಿದ್ದಳು. 'ಮೂವತ್ತು ದಿನ ನಾನು ಎಂಥ ಮಾಡಲಿ?' ಎಂದಳು. ಸ್ವಲ್ಪ ಹೊತ್ತು ಬಿಟ್ಟು, 'ಒಂದು ರಾತ್ರಿ ಸಿಕ್ಕಿದ್ದರೆ ಸಾಕಿತ್ತು' ಎಂದಳು.

ಆ ಮಾತು ಎಲ್ಲಿಂದ ಬಂತೆಂದು ನಮಗೆ ಗೊತ್ತಾಯಿತು. ಯಾರೂ ಏನೂ ಹೇಳಲಿಲ್ಲ.

ನಮ್ಮ ಕಡೆ ನಾಟಿಗೆ, ಕೊಯ್ಲಿಗೆ ಮುಯ್ಯಾಳು ಪದ್ಧತಿ ಇತ್ತಲ್ಲ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಗದ್ದೆಗೆ ಮುಯ್ಯಾಳು ಉಂಟು, ಹಾಸಿಗೆ ಹಿಡಿದವರಿಗೆ ಯಾಕಿಲ್ಲ? ಕೇರಿಯಲ್ಲಿ ಲೆಕ್ಕ ಹಾಕಿದರೆ ನಮ್ಮದೂ ಸೇರಿ ಮೂರು ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರು. ಮೂರು ಮನೆಯಲ್ಲೂ ಸೊಸೆಯೋ ಮಗಳೋ ಒಬ್ಬಳೇ. ಮಾತಾಡಿದೆವು. ಮೊದಲು ಯಾರೂ ಒಪ್ಪಲಿಲ್ಲ. ಪರರ ಮನೆಯ ಮುದುಕರ ಬಟ್ಟೆ ಬದಲಿಸುವುದು ಹೇಗೆ, ನಮ್ಮವರ ಮಾನ ಬೇರೆಯವರ ಕೈಗೆ ಕೊಡುವುದು ಹೇಗೆ ಎಂಬ ಸಂಕೋಚ. ಅದು ಸುಳ್ಳು ಸಂಕೋಚವಲ್ಲ.

ಕೊನೆಗೆ ಹೀಗೆ ನಿಂತಿತು. ಮೈ ತೊಳೆಸುವುದು, ಬಟ್ಟೆ ಬದಲಿಸುವುದು ಆಯಾ ಮನೆಯ ಗಂಡಸರ ಪಾಲಿಗೆ. ಊಟ, ಮಾತ್ರೆ, ಹತ್ತಿರ ಕೂತು ಮಾತಾಡುವುದು ಬೇರೆ ಮನೆಯಿಂದ ಬಂದವರ ಪಾಲಿಗೆ. ನಮ್ಮ ಮನೆಗೆ ಎರಡನೇ ಮತ್ತು ನಾಲ್ಕನೇ ಶನಿವಾರ. ಅಪ್ಪ ಎಪ್ಪತ್ತರ ಹತ್ತಿರ ಬಂದು ಮೊದಲ ಬಾರಿಗೆ ತಮ್ಮ ಅಪ್ಪನ ಮೈ ತೊಳೆಸಿದರು. ಅಜ್ಜ ಹಿಂದಿಯಲ್ಲಿ ಬೈದರು. ಮೂರನೇ ಸಲಕ್ಕೆ ಸುಮ್ಮನಾದರು. ಬೆಂಗಳೂರಿನವರು ತಿಂಗಳಿಗೊಮ್ಮೆ ಬಂದು ಎರಡು ರಾತ್ರಿ ಅಜ್ಜನ ಕೋಣೆಯಲ್ಲಿ ಮಲಗುತ್ತಾರೆ. ಬೆಳಗಿನ ನಾಲ್ಕಕ್ಕೆ 'ಇವತ್ತು ರಜೆ ಅಜ್ಜ' ಎನ್ನಲು ಅವರೂ ಕಲಿತಿದ್ದಾರೆ.

ಮೊದಲ ಶನಿವಾರ ಆಯಿ ಎಲ್ಲಿಗೂ ಹೋಗಲಿಲ್ಲ. ಒಳಗಿನ ಕೋಣೆಯಲ್ಲಿ ಚಾಪೆ ಹಾಸಿ ಮಧ್ಯಾಹ್ನದಿಂದ ಸಂಜೆಯವರೆಗೆ ಮಲಗಿದಳು. ನಡುವೆ ಎರಡು ಸಲ ಎದ್ದು ಬಂದು ಬಾಗಿಲಲ್ಲಿ ಇಣುಕಿ ನೋಡಿದಳು. ಎರಡನೆಯದಕ್ಕೆ ಇಡಗುಂಜಿಗೆ ಹೋದಳು. ಪೂಜೆ ಮುಗಿದ ಮೇಲೂ ಗಡಿಬಿಡಿ ಮಾಡದೆ ಅಲ್ಲೇ ಕೂತಿದ್ದು, ಅಜ್ಜನಿಗೆಂದು ಪಂಚಕಜ್ಜಾಯ ಕಟ್ಟಿಸಿಕೊಂಡು ಬಂದಳು. ಆಮೇಲೊಂದು ಶನಿವಾರ ತವರಿಗೆ ಹೋಗಿ ರಾತ್ರಿ ಅಲ್ಲೇ ಉಳಿದಳು. ಅಮ್ಮಮ್ಮ ಮಲಗುತ್ತಿದ್ದ ಕೋಣೆಯಲ್ಲಿ ಮಲಗಿದ್ದಳೆಂದು ಮಾವ ಫೋನಿನಲ್ಲಿ ಹೇಳಿದರು.

ಇದೆಲ್ಲ ಸರ್ಕಾರದ ಕೆಲಸವನ್ನು ಊರವರ ತಲೆಗೆ ಕಟ್ಟುವ ಮಾತಲ್ಲ. ಕೇರಿಯ ಮೂರು ಮನೆಯಲ್ಲಿ ಒಂದಕ್ಕೆ ಕಷ್ಟ ಬಂದರೆ ನಮ್ಮ ಪಾಳಿ ಮುರಿದುಬೀಳುತ್ತದೆ, ಕಳೆದ ಮಳೆಗಾಲದಲ್ಲಿ ಬಿದ್ದೇ ಬಿತ್ತು. ತಾಲ್ಲೂಕಿಗೆ ನಾಲ್ಕು ಹಾಸಿಗೆ ಇರುವ ಒಂದು ಕಡೆ, ವರ್ಷಕ್ಕೆ ಹತ್ತು ದಿನ ಹಿರಿಯರನ್ನು ನಂಬಿ ಬಿಟ್ಟುಬರುವಂಥ ಜಾಗ ಬೇಕು. ಮಾಜಿ ಸೈನಿಕರ ಸಭೆಗಳಲ್ಲಿ ಪಿಂಚಣಿಯ ಜೊತೆ ಇದನ್ನೂ ಕೇಳಬೇಕು. ನಾವು ಈವರೆಗೆ ತುಂಬಿದ ಒಂದು ಅರ್ಜಿಯಲ್ಲೂ ಆಯಿಯ ಹೆಸರು ಬರೆಯಲು ಜಾಗ ಸಿಗಲಿಲ್ಲ.

ನಿಮ್ಮ ಕೇರಿಯಲ್ಲೂ ಇಂಥ ಮನೆ ಇರುತ್ತದೆ. ಹಿರಿಯರ ವಿಷಯದಲ್ಲಿ ಮಾಹಿತಿ ಬೇಕಾದರೆ 14567ಕ್ಕೆ ಕರೆ ಮಾಡಿ, ಅದು ಹಿರಿಯರ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ಅದಕ್ಕೂ ಮೊದಲು ಆ ಮನೆಗೆ ಒಮ್ಮೆ ಹೋಗಿ. ಮಲಗಿದವರು ಹೇಗಿದ್ದಾರೆ ಎಂದು ಎಲ್ಲರೂ ಕೇಳುತ್ತಾರೆ. ನೀವು ಅಡುಗೆಮನೆ ಕಡೆ ತಿರುಗಿ, 'ನೀನು ಯಾವತ್ತು ಹೊರಗೆ ಹೋಗಬೇಕು ಹೇಳು, ಅವತ್ತು ನಾವು ಬಂದು ಕೂರುತ್ತೇವೆ' ಎನ್ನಿ.